ಕಂಬದ ಮರೆಯ ಬೆಳಕು (ಕಂತು ೭: ಆರು ರೆಕ್ಕೆಯ ಫ್ಯಾನು)

"ಹೊಡೀತು!" ಎಂದ ತಮ್ಮಯ್ಯ.

"ಹೊಡೀತು ಮಾವ, ನಾನೂ ನೋಡಿದೆ. ಆದ್ರೆ ಫೋಟೋದಲ್ಲಿ ಇಲ್ವಲ್ಲ!" ಎಂದಳು ಯಶೋಧರಾ.

ಇದು ಹದಿನೇಳನೇ ಸಲ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಕಿರಣ ಸ್ಟುಡಿಯೋದಲ್ಲಿ ಶನಿವಾರ ಬೆಳಿಗ್ಗೆ ಏಳೂವರೆಗೇ ಕಿಟಕಿಗಳಿಗೆಲ್ಲ ಕಪ್ಪು ಪರದೆ ಬಿದ್ದಿತ್ತು. ದೂರದ ಮೂಲೆಯ ಸ್ಟೂಲಿನ ಮೇಲೆ ಹಳೇ ಫ್ಲ್ಯಾಶು, ಅದರ ಮುಂದೆ ಒಂದು ತೆಂಗಿನಕಾಯಿ. ಫ್ಲ್ಯಾಶು ಹದಿನೇಳು ಸಲವೂ ಫಟ್ಟೆಂದು ಹೊಳೆದಿತ್ತು. ತೆಂಗಿನಕಾಯಿ ಮಾತ್ರ ಹದಿನೇಳು ಫೋಟೋದಲ್ಲೂ ಕತ್ತಲಲ್ಲೇ ಕೂತಿತ್ತು.

ಯಶೋಧರಾ ತನ್ನ ಕೈಯಲ್ಲಿದ್ದ ಸೋಪಿನ ಡಬ್ಬಿಯಷ್ಟು ಗಾತ್ರದ ಡಿಜಿಟಲ್ ಕ್ಯಾಮೆರಾವನ್ನು ದುರುಗುಟ್ಟಿಕೊಂಡು ನೋಡಿದಳು. ಅದು ಅವಳದಲ್ಲ. ಹಳೇಬೀಡಿನ ಏಕಾಂತಯ್ಯನವರ ಮಗ ಇಂದ್ರೇಶನದು. "ತಗೊಂಡೋಗಿ ಪರೀಕ್ಷೆ ಮಾಡ್ಕೊಳ್ರೀ, ಸುಳ್ಳು ಹೇಳೋಕೆ ಅದಕ್ಕೆ ಬಾಯಿಲ್ಲ" ಎಂದು ಅವನೇ ಮೀಸೆ ತಿರುವಿ ಕೊಟ್ಟಿದ್ದ.

ಕಳೆದ ಸೋಮವಾರ ಆ ಮನೆಯಲ್ಲಿ ಮಠದ ಸ್ವಾಮಿಗಳ, ಅಂದರೆ ಬುದ್ಧಿಯವರ, ಪಾದಪೂಜೆ ನಡೆದಾಗ, ಲಿಂಗ ಇಡುವ ಅಜ್ಜನ ಕಾಲದ ಬೆಳ್ಳಿ ಕರಡಿಗೆ ದೇವರಮನೆಯಿಂದ ಮಾಯವಾಗಿತ್ತು. ಕಳ್ಳನೆಂಬ ಹೆಸರು ತಮ್ಮಯ್ಯನ ತಲೆಗೆ ಬಂದಿತ್ತು.

ತಮ್ಮಯ್ಯನಿಗೆ ಅರವತ್ತೆರಡು. ಯಶೋಧರಾಳ ಅಪ್ಪ ಕೆಂಚಯ್ಯ ಸ್ಟುಡಿಯೋ ತೆರೆದ ದಿನದಿಂದ ಫ್ಲ್ಯಾಶು ಹಿಡಿದವನು ಅವನು. ತೀರಿಹೋದ ಮೇಲೂ ಕೆಂಚಯ್ಯ ಅವನ ಪಾಲಿಗೆ 'ಮೇಷ್ಟ್ರೇ'. ಈ ಹಳೇ ಫ್ಲ್ಯಾಶಿಗೆ ವೈರಿಲ್ಲ, ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಕಣ್ಣಿದೆ. ಎದುರಿಗೆ ಕ್ಯಾಮೆರಾದ ಬೆಳಕು ಮಿಂಚಿದ ಗಳಿಗೆಯಲ್ಲೇ ಇದೂ ತಾನಾಗಿ ಮಿಂಚುತ್ತದೆ. ಕಂಪನಿಯವರು ಅದಕ್ಕಿಟ್ಟ ಹೆಸರು ಸ್ಲೇವ್, ಅಂದರೆ ಗುಲಾಮ. ಕೆಂಚಯ್ಯನಿಗೆ ಆ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. "ಬುದ್ಧನ ಪಟ ಹಾಕಿರೋ ಅಂಗಡೀಲಿ ಗುಲಾಮರಿಲ್ಲ ಕಣೋ, ಜೊತೆಗಾರ ಅನ್ನು" ಎಂದು ಗದರಿದ್ದ. ಅಂದಿನಿಂದ ಅದು ಜೊತೆಗಾರನೇ.

ಈ ಜೊತೆಗಾರನ ಬೆಳಕಿಲ್ಲದ್ದೇ ಈಗ ಕುತ್ತಿಗೆಗೆ ಬಂದಿತ್ತು.

ಬುದ್ಧಿಯವರು ಲಿಂಗಪೂಜೆಗೆ ಕೂತರೆ ಫೋಟೋ ತೆಗೆಯಬಾರದೆಂಬುದು ಕೆಂಚಯ್ಯ ಹಾಕಿಕೊಟ್ಟ ನಿಯಮ. ಹಾಗಾಗಿ ಸೋಮವಾರ ಆ ಅರ್ಧ ಗಂಟೆ ಯಶೋಧರಾ ಕ್ಯಾಮೆರಾ ಕೆಳಗಿಟ್ಟು ಜಗಲಿಗೆ ಬಂದು ಕೂತಿದ್ದಳು. ತಮ್ಮಯ್ಯ ಒಳಗೇ, ಕಂಬದ ಮರೆಯ ತನ್ನ ಜಾಗದಲ್ಲೇ ನಿಂತಿದ್ದ. "ನಾನು ಅಲ್ಲಾಡು ಅನ್ನೋ ತನಕ ಅಲ್ಲಾಡಬ್ಯಾಡ" ಎಂಬುದೂ ಕೆಂಚಯ್ಯನದೇ ಕಟ್ಟಪ್ಪಣೆ. ಇಂದ್ರೇಶನಿಗೆ ಯಾವ ನಿಯಮವೂ ಇರಲಿಲ್ಲ, ಹೊಸ ಕ್ಯಾಮೆರಾದ ಹುಮ್ಮಸ್ಸಿತ್ತು. ಆ ಅರ್ಧ ಗಂಟೆಯಲ್ಲಿ ಹದಿನಾಲ್ಕು ಫೋಟೋ ಕ್ಲಿಕ್ಕಿಸಿದ್ದ. ಕರಡಿಗೆ ಹೋದದ್ದೂ ಅದೇ ಅರ್ಧ ಗಂಟೆಯಲ್ಲಿ.

ಯಶೋಧರಾ ತೆಗೆದ ಫೋಟೋಗಳಲ್ಲಿ ಕಂಬದ ಪಕ್ಕದ ಗೋಡೆಯ ಮೇಲಿನ ಅಜ್ಜನ ಪಟ ಜೊತೆಗಾರನ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ಇಂದ್ರೇಶನ ಹದಿನಾಲ್ಕರಲ್ಲೂ ಅಜ್ಜನ ಜಾಗದಲ್ಲಿ ಬರೀ ಮಸಿ.

"ತಮ್ಮಯ್ಯ ಇದ್ದಲ್ಲಿ ಬೆಳಕಿರ್ತದೆ ಅನ್ನೋದು ಮೂರು ಊರಿಗೆ ಗೊತ್ತು. ಬೆಳಕಿಲ್ಲ ಅಂದ್ರೆ ಇವನೂ ಅಲ್ಲಿರ್ಲಿಲ್ಲ. ಏನ್ಲಾ, ಆ ಹೊತ್ತಲ್ಲಿ ಎಲ್ಲಿಗೋಗಿದ್ದೆ?" ಎಂದು ಏಕಾಂತಯ್ಯ ಕೇಳಿದ್ದರು. ತುಂಬಿದ ಮನೆಯಲ್ಲಿ, ಬುದ್ಧಿಯವರ ಎದುರಿಗೇ.

"ಎಲ್ಲಿಗೂ ಓಗ್ಲಿಲ್ಲ ಸ್ವಾಮಿ. ಆ ಕ್ಯಾಮ್ರಾ ಮಿಂಚಿದಾಗ್ಲೆಲ್ಲ ನಂದೂ ಹೊಡೀತು," ಎಂದಿದ್ದ ತಮ್ಮಯ್ಯ. ನಂಬಿದವರು ಯಾರು? ಪಟ ಕಪ್ಪಗಿತ್ತಲ್ಲ.

ನಿಜ ಹೇಳಬೇಕೆಂದರೆ ಒಂದು ಗಳಿಗೆ ಯಶೋಧರಾಳೂ ನಂಬಿರಲಿಲ್ಲ. ತನ್ನನ್ನು ಹೆಗಲ ಮೇಲೆ ಹೊತ್ತು ಮಾಲೇಕಲ್ಲು ಬೆಟ್ಟ ಹತ್ತಿಸಿದ್ದ ಮನುಷ್ಯನನ್ನು ತಾನೇ ಸಂದೇಹದ ಕಣ್ಣಿನಿಂದ ನೋಡಿದೆನಲ್ಲಾ ಎಂಬ ನಾಚಿಕೆ ಐದು ದಿನವಾದರೂ ಹೋಗಿರಲಿಲ್ಲ.

ಕೆಂಚಯ್ಯನ ನೆನಪಿಗೆ ಬೆಲೆ ಕೊಟ್ಟು ಏಕಾಂತಯ್ಯ ಐದು ದಿನ ತಾಳಿದ್ದರು. ಇಂದು ಸಂಜೆಗೆ ಪೊಲೀಸ್ ಕಂಪ್ಲೇಂಟು. ಠಾಣೆ ಮೆಟ್ಟಿಲು ಹತ್ತಿದ ಬೆಳಕಿನವನನ್ನು ಆಮೇಲೆ ಯಾವ ಮನೆಯವರು ಮದುಮಗಳ ಕೋಣೆಯೊಳಗೆ ಬಿಟ್ಟುಕೊಂಡಾರು? ತಮ್ಮಯ್ಯನಿಗೆ ಬೇರೆ ಕಸುಬು ಗೊತ್ತಿಲ್ಲ. ಸೋಮವಾರದಿಂದ ಅವನು ಫ್ಲ್ಯಾಶನ್ನು ಮುಟ್ಟಿಯೂ ಇರಲಿಲ್ಲ. ಈಗಲೂ ಫೋಟೋ ತೆಗೆಸಿಕೊಳ್ಳುವವರ ಕುರ್ಚಿಯಲ್ಲಿ ಒರಗಿ, ಸೂರು ನೋಡುತ್ತ ಕೂತಿದ್ದ.

"ಹದಿನೆಂಟು," ಎಂದು ಯಶೋಧರಾ ಮತ್ತೆ ಒತ್ತಿದಳು. ಕ್ಯಾಮೆರಾ ಮಿಂಚಿತು, ಜೊತೆಗಾರನೂ ಮಿಂಚಿದ, ತೆಂಗಿನಕಾಯಿ ಮತ್ತೆ ಕತ್ತಲಿಗೆ.

"ಅದ್ಸರಿ ಕಣವ್ವಾ, ನಿಮ್ಮಪ್ಪ ಈ ಫ್ಯಾನ್ ತಂದಾಗ ಇದಕ್ಕೆ ಎಷ್ಟು ರೆಕ್ಕೆ ಇದ್ವು?" ಎಂದ ತಮ್ಮಯ್ಯ.

"ಮೂರು. ಯಾಕೆ?"

"ಈಗ ಆರಾಗವೆ."

ಪಾಪ, ಐದು ದಿನ ಸರಿಯಾಗಿ ಊಟ ನಿದ್ದೆ ಇಲ್ಲದೆ ಮಾವನ ತಲೆ ಕೆಟ್ಟಿತೆಂದು ಯಶೋಧರಾಳಿಗೆ ಗಾಬರಿಯಾಯಿತು. "ಕಾಫಿ ತರಿಸ್ತೀನಿ ಇರು," ಎಂದಳು.

"ಕಾಫಿ ಆಮ್ಯಾಕೆ. ನೀನು ಆ ಜೊತೆಗಾರನ್ನ ಆರಿಸಿ ಬರೀ ಕ್ಯಾಮ್ರಾನ ಮ್ಯಾಕ್ಕೆ ಹಿಡಿದು ಒತ್ತು. ನಾ ಹೇಳೋದು ಸುಳ್ಳಾದ್ರೆ ಕೇಳು."

ಕತ್ತಲ ಕೋಣೆಯಲ್ಲಿ ತಿರುಗುವ ಫ್ಯಾನು ಕಾಣುವುದಿಲ್ಲ, ಫ್ಲ್ಯಾಶು ಮಿಂಚಿದ ಗಳಿಗೆಯಲ್ಲಿ ಮಾತ್ರ ನಿಂತಂತೆ ಕಾಣುತ್ತದೆ. ಯಶೋಧರಾ ಕತ್ತೆತ್ತಿ ಒತ್ತಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು ರೆಕ್ಕೆ!

ಅವಳು ತನ್ನ ಹಳೇ ರೀಲಿನ ಕ್ಯಾಮೆರಾ ತಂದು ಅದರ ಫ್ಲ್ಯಾಶು ಹೊಡೆದಳು. ಮೂರೇ ರೆಕ್ಕೆ. ಇಂದ್ರೇಶನದರಲ್ಲಿ ಮತ್ತೆ ಹೊಡೆದಳು. ಆರು.

"ಅಯ್ಯೋ ನಮ್ಮಪ್ಪನೇ!" ಎಂದು ಕೂಗಿಬಿಟ್ಟಳು. "ಮಾವಾ, ಇದು ಎರಡು ಸಲ ಮಿಂಚ್ತಿದೆ! ಒಂದ್ಸಲ ಒತ್ತಿದ್ರೆ ಎರಡು ಸಲ! ಅದಕ್ಕೇ ತಿರುಗೋ ಮೂರು ರೆಕ್ಕೆ ಎರಡೆರಡು ಕಡೆ ಕಾಣ್ತಿವೆ!"

"ಎಲ್ಡು ಸಲನಾ? ಕಣ್ಣಿಗೆ ಒಂದೇ ಕಾಣ್ತದಲ್ಲ."

"ಅಷ್ಟು ಬೇಗ ಬೇಗ. ಮೊದಲನೇದು ಸುಮ್ನೆ ಕಣ್ಣುಹೊಡೆಯೋದು. ಎಷ್ಟು ಬೆಳಕು ಬೇಕು ಅಂತ ಅಳತೆ ನೋಡ್ಕೊಳ್ಳುತ್ತೆ. ಎರಡನೇದಕ್ಕೆ ಫೋಟೋ ತೆಗೆಯೋದು. ನಮ್ಮ ಜೊತೆಗಾರ ಪಾಪ ಹಳೇ ಕಾಲದೋನು, ಮೊದಲನೇ ಮಿಂಚಿಗೇ ಮೋಸಹೋಗಿ ಹೊಡೆದುಬಿಡ್ತಾನೆ. ನಿಜವಾದ ಫೋಟೋ ಹೊತ್ತಿಗೆ ಅವನ ಹೊಟ್ಟೇಲಿ ಏನೂ ಉಳಿದಿರಲ್ಲ. ಕುಂಯ್ ಅಂತ ಮತ್ತೆ ತುಂಬ್ಕೋತಾ ಇರ್ತಾನೆ!"

ತಮ್ಮಯ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತ. ಮೆಲ್ಲಗೆ, "ಅಂದ್ರೆ ನಾನಿದ್ದೂ ಅದ್ರಲ್ಲಿ ಕಾಣಾಕಿಲ್ಲ," ಎಂದ.

"ನೀನಿದ್ದೆ ಮಾವ. ಹದಿನಾಲ್ಕು ಸಲವೂ ಇದ್ದೆ. ನನ್ನನ್ನ ಕ್ಷಮಿಸು."

"ಅದ್ಯಾಕವ್ವಾ ದೊಡ್ಡ ಮಾತು," ಎಂದು ಅವನು ಹೆಗಲ ಟವಲಿನಲ್ಲಿ ಮುಖ ಒರೆಸಿಕೊಂಡ. ಬಹಳ ಹೊತ್ತೇ ಒರೆಸಿಕೊಂಡ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಕೆಂಚಯ್ಯ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಯಶೋಧರಾ ಇನ್ನೂ ಅರ್ಧ ಗಂಟೆ ಪ್ರಮಾಣಿಸಿದಳು. ಕ್ಯಾಮೆರಾದ ನೆತ್ತಿಯ ತಿರುಗುಣಿಯನ್ನು ಆಟೋದ ಹಸಿರು ಗುರುತಿನಿಂದ, ಎಲ್ಲವನ್ನೂ ಕೈಯಾರೆ ಗೊತ್ತುಮಾಡುವ 'ಎಂ' ಅಕ್ಷರಕ್ಕೆ ತಿರುಗಿಸಿದಳು. ಒಳಗಿನ ಪಟ್ಟಿಯಲ್ಲಿ ಹುಡುಕಿ, ಫ್ಲ್ಯಾಶಿನ ಬಲವನ್ನು ತಾನೇ ಗೊತ್ತುಮಾಡಿದಳು. ಅಳತೆ ನೋಡುವ ಕೆಲಸ ತಪ್ಪಿದ ಮೇಲೆ ಕ್ಯಾಮೆರಾ ಕಣ್ಣುಹೊಡೆಯುವುದನ್ನು ಬಿಟ್ಟಿತು. ಫ್ಯಾನಿಗೆ ಮೂರೇ ರೆಕ್ಕೆ. ತೆಂಗಿನಕಾಯಿ ಜುಟ್ಟಿನ ಒಂದೊಂದು ನಾರೂ ಎಣಿಸುವಂತೆ ಬೆಳಗಿಕೊಂಡು ಬಂತು.

ಯಶೋಧರಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಡಿಜಿಟಲ್ ಬಂತು, ಇನ್ನು ಈ ಹಳೇ ಸಾಮಾನೆಲ್ಲ ಗುಜರಿಗೇ ಎಂದು ಊರವರು ಹೇಳಿ ಹೇಳಿ ಅವಳ ಕಿವಿ ತೂತಾಗಿತ್ತು. ಗುಜರಿಯಂತೆ, ಗುಜರಿ! ಅಪ್ಪ ಬಿಟ್ಟುಹೋದ ಇಂಥ ಮೂರು ಜೊತೆಗಾರರೂ ಇನ್ನೂ ಹತ್ತು ವರ್ಷ ದುಡಿಯುತ್ತಾರೆ.

"ಏಳು ಮಾವ. ಹಳೇಬೀಡು ಬಸ್ಸು ಒಂಬತ್ತೂವರೆಗೆ."

"ಬತ್ತೀನಿ. ಆದ್ರೆ ಆ ಹೊಸ್ತಿಲು ದಾಟಾಕಿಲ್ಲ. ಕಳ್ಳ ಅಂದ ಬಾಯೇ ಒಳೀಕೆ ಬಾ ಅನ್ಬೇಕು."

"ಮಾವ, ಒಂದ್ಮಾತು. ಆ ಅರ್ಧ ಗಂಟೇಲಿ ನಿನ್ನ ಕಣ್ಣಿಗೆ ಏನಾದ್ರೂ ಬಿತ್ತಾ?"

ತಮ್ಮಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಬಸ್ಸು ತಪ್ಪೋಗ್ತದೆ ಕಣವ್ವಾ," ಎಂದ.

* * *

ಬಾಣಾವರ ದಾಟಿ ಜಾವಗಲ್ ಮುಟ್ಟುವವರೆಗೂ ಯಶೋಧರಾ ಇಂದ್ರೇಶನ ಹದಿನಾಲ್ಕು ಪ್ರಿಂಟುಗಳನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದಳು. ಬೇಲೂರಿನ ಲ್ಯಾಬಿನಲ್ಲಿ ಹಾಕಿಸಿದವು. ಪ್ರತಿಯೊಂದರ ಮೂಲೆಯಲ್ಲೂ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ಗಂಟೆ ನಿಮಿಷ ಅಚ್ಚಾಗಿತ್ತು.

ಹನ್ನೊಂದು ಇಪ್ಪತ್ತೆರಡು. ಇಪ್ಪತ್ತಮೂರು. ಇಪ್ಪತ್ತೈದು. ಒಂದೆರಡು ನಿಮಿಷಕ್ಕೊಂದರಂತೆ ಸಾಗಿ, ಹನ್ನೊಂದು ಮೂವತ್ತೆಂಟಕ್ಕೆ ಬಂದು, ಅಲ್ಲಿಂದ ಸೀದಾ ನಲವತ್ತಾರು.

ನಡುವಿನ ಎಂಟು ನಿಮಿಷ ಇಂದ್ರೇಶನ ಹುಮ್ಮಸ್ಸು ಎಲ್ಲಿ ಹೋಗಿತ್ತು?

ಇನ್ನೊಂದು ವಿಷಯವೂ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಇಂದ್ರೇಶನ ಹೆಂಡತಿ ಉಷಾರಾಣಿ ಸೋಮವಾರ ಸಂಜೆಯೇ ಸೂಟ್‌ಕೇಸು ಹಿಡಿದು ಬೇಲೂರಿನ ತವರಿಗೆ ಹೋಗಿದ್ದಳು. ಪಾದಪೂಜೆಯ ನೆಂಟರು ಇನ್ನೂ ಮನೆಯಲ್ಲಿರುವಾಗಲೇ ಸೊಸೆ ತವರಿಗೆ ಹೊರಟರೆ ಯಾರಿಗೆ ತಾನೇ ವಿಚಿತ್ರ ಅನ್ನಿಸದು?

ಏಕಾಂತಯ್ಯನವರ ಹೆಂಡತಿ ಮಹದೇವಮ್ಮನ ಮಾತೂ ಮರೆತಿರಲಿಲ್ಲ. ಅವತ್ತು ಎಲ್ಲರೂ ತಮ್ಮಯ್ಯನ ಮೇಲೆ ಮುಗಿಬಿದ್ದಾಗ, ಆ ತಾಯಿ ಹೋಳಿಗೆ ಕಟ್ಟಿಕೊಂಡು ಬಸ್ಸಿನವರೆಗೆ ಬಂದು, "ಅವನಲ್ಲ ಕಣಮ್ಮ, ನಂಗೆ ಗೊತ್ತು" ಎಂದಿದ್ದರು. ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡಿದ್ದಳು ಯಶೋಧರಾ.

ಹಳೇಬೀಡಿನಲ್ಲಿ ಇಳಿದಾಗ ಕೆರೆಯ ಮೇಲಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ದೇವಸ್ಥಾನದ ಮುಂದೆ ಟೂರಿಸ್ಟು ಬಸ್ಸಿನವರು ಎಳನೀರು ಕುಡಿಯುತ್ತಿದ್ದರು. ತಮ್ಮಯ್ಯನೂ ಒಂದು ಕುಡಿದ. ಐದು ದಿನದಲ್ಲಿ ಅವನು ತೃಪ್ತಿಯಾಗಿ ಕುಡಿದದ್ದು ಅದೇ ಮೊದಲು. ಯಶೋಧರಾಳ ಹೊಟ್ಟೆ ತಣ್ಣಗಾಯಿತು.

* * *

ಏಕಾಂತಯ್ಯನವರದು ತೆಂಗಿನ ತೋಟ, ಕೊಬ್ಬರಿ ವ್ಯಾಪಾರದ ಮನೆತನ. ತೊಟ್ಟಿಯ ಸುತ್ತ ಹದಿನಾರು ಕಂಬದ ಮನೆ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಮಾತು ಒರಟಾದರೂ ಅನ್ಯಾಯದವರಲ್ಲ.

"ಬಾರಮ್ಮ ಯಶೋಧರಾ. ಅವನೆಲ್ಲಿ?"

"ಜಗಲಿ ಮೇಲಿದ್ದಾರೆ ಯಜಮಾನ್ರೇ. ನೀವು ಕರೆದ್ರೆ ಒಳಗೆ ಬರ್ತಾರಂತೆ."

"ಕರಡಿಗೆ ಬಂದ್ರೆ ಅವನೂ ಬರ್ಲಿ," ಎಂದರು ಏಕಾಂತಯ್ಯ.

ಇಂದ್ರೇಶ ಪಡಸಾಲೆಯ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. "ಏನ್ರೀ, ಕ್ಯಾಮೆರಾ ಏನಂತು?" ಎಂದು ನಕ್ಕ. ಉಷಾರಾಣಿ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡು ಅಲ್ಲೇ ನಿಂತಳು. ತವರಿಂದ ಬೆಳಿಗ್ಗೆಯಷ್ಟೇ ಬಂದಿದ್ದಳಂತೆ. ಮಹದೇವಮ್ಮ ಮಾತ್ರ ಯಾರನ್ನೂ ಕೇಳದೆ ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಜಗಲಿಗೆ ಹೋಗಿ ತಮ್ಮಯ್ಯನಿಗೆ ಕೊಟ್ಟು ಬಂದರು.

"ಯಜಮಾನ್ರೇ, ಒಂದು ಉಪಕಾರ ಮಾಡ್ತೀರಾ?" ಎಂದು ಯಶೋಧರಾ ಚೀಲದಿಂದ ಜೊತೆಗಾರನನ್ನು ತೆಗೆದಳು. "ಇದನ್ನ ಹಿಡ್ಕೊಂಡು ಆ ಕಂಬದ ಮರೆಯಲ್ಲಿ ನಿಂತ್ಕೊಳ್ಳಿ. ತಮ್ಮಯ್ಯ ಮಾವ ನಿಂತಿದ್ದ ಜಾಗ."

"ನಾನಾ?"

"ನೀವೇ. ನಿಮ್ಮ ಮಾತನ್ನ ಈ ಮನೇಲಿ ಯಾರೂ ಸುಳ್ಳು ಅನ್ನಲ್ಲ."

ಏಕಾಂತಯ್ಯ ಹೆಂಡತಿಯ ಮುಖ ನೋಡಿದರು. ಮಹದೇವಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟು ನಗುತ್ತಿದ್ದರು. ನಗುವವರ ಮುಂದೆ ಹಿಂಜರಿಯುವುದೇ? ಯಜಮಾನರು ಶಲ್ಯ ಸರಿಮಾಡಿಕೊಂಡು ಹೋಗಿ ಕಂಬದ ಹಿಂದೆ ನಿಂತರು. ಯಶೋಧರಾ ಕಿಟಕಿಗಳನ್ನು ಹಾಕಿ, ಕ್ಯಾಮೆರಾದ ತಿರುಗುಣಿಯನ್ನು ಹಸಿರು ಗುರುತಿಗೆ ತಂದು ಇಂದ್ರೇಶನ ಕೈಗಿಟ್ಟಳು.

"ನಿಮ್ಮ ಕ್ಯಾಮೆರಾ, ನಿಮ್ಮ ಕೈ. ಅವತ್ತು ತೆಗೆದ ಹಾಗೇ ತೆಗೀರಿ."

ಇಂದ್ರೇಶ ಒತ್ತಿದ. ಕಂಬದ ಹಿಂದೆ ಫಟ್ಟೆಂದಿತು. "ಅಬ್ಬಬ್ಬ! ಕೈಲಿ ಸಿಡಿಲು ಹಿಡಿದಂಗಾಯ್ತಲ್ಲೇ!" ಎಂದರು ಏಕಾಂತಯ್ಯ.

"ಹೊಡೀತಾ ಯಜಮಾನ್ರೇ?"

"ಹೊಡೀತಾ ಅಂತ ಬೇರೆ ಕೇಳ್ತೀಯಲ್ಲ! ನನ್ನ ಕಣ್ಣು ಇನ್ನೂ ಮಂಜಾಗಿದೆ."

"ಬನ್ನಿ, ಫೋಟೋ ನೋಡಿ."

ಪುಟ್ಟ ಪರದೆಯ ಮೇಲೆ ಎಲ್ಲರೂ ತಲೆ ಬಗ್ಗಿಸಿದರು. ಪಡಸಾಲೆ ಬಂದಿತ್ತು, ಕಂಬ ಬಂದಿತ್ತು. ಅಜ್ಜನ ಪಟ ಇರಬೇಕಾದಲ್ಲಿ ಬರೀ ಮಸಿ.

ಯಶೋಧರಾ ಆ ಬಗ್ಗಿದ ತಲೆಗಳನ್ನು ಒಂದೊಂದಾಗಿ ನೋಡಿ ಖುಷಿಪಟ್ಟಳು. ಐದು ದಿನ ಕಾದಿದ್ದಳಲ್ಲ, ಅಷ್ಟು ಹಕ್ಕು ಅವಳಿಗಿತ್ತು. ಆಮೇಲೆ ಮೆತ್ತಗೆ ಕೇಳಿದಳು.

"ಯಜಮಾನ್ರೇ, ಈ ಹೊತ್ತಲ್ಲಿ ತಾವು ಎಲ್ಲಿಗೆ ಹೋಗಿದ್ರಿ?"

ಏಕಾಂತಯ್ಯನವರ ಮುಖ ಕೆಂಪಾಯಿತು. "ಎಲ್ಲಿಗೆ ಹೋಗ್ಲಿ? ಇಲ್ಲೇ ನಿಂತಿದ್ದೆನಲ್ಲ! ನೀವೆಲ್ಲ ನೋಡಲಿಲ್ವಾ?"

"ನಾವು ನೋಡಿದ್ವಿ. ಕ್ಯಾಮೆರಾ ಇಲ್ಲ ಅಂತಿದೆ. ಅದಕ್ಕೆ ಸುಳ್ಳು ಹೇಳೋಕೆ ಬಾಯಿಲ್ವಂತೆ."

ಮಹದೇವಮ್ಮ ಗಟ್ಟಿಯಾಗಿ ನಕ್ಕೇಬಿಟ್ಟರು. ಇಂದ್ರೇಶ ಕುರ್ಚಿ ಬಿಟ್ಟು ಎದ್ದ. "ಇದೇನೋ ಕಣ್ಕಟ್ಟು! ನೀವೇ ಏನೋ ಮಾಡಿದೀರಿ. ಇನ್ನೊಂದ್ಸಲ ತೆಗೀತೀನಿ," ಎಂದ. ತೆಗೆದ. ಮಸಿ. ಅಪ್ಪನನ್ನು ಎರಡು ಹೆಜ್ಜೆ ಈಚೆಗೆ ನಿಲ್ಲಿಸಿ ತೆಗೆದ. ಮತ್ತೆ ಮಸಿ.

ಯಶೋಧರಾ ಕ್ಯಾಮೆರಾ ತೆಗೆದುಕೊಂಡು ಎರಡು ಮಿಂಚಿನ ಗುಟ್ಟನ್ನು ಹೇಳಿದಳು. ತಿರುಗುಣಿಯನ್ನು 'ಎಂ'ಗೆ ತಂದು, ಬೆಳಿಗ್ಗೆ ಮಾಡಿದಂತೆಯೇ ಮಾಡಿ ತಾನೇ ಒಂದು ಫೋಟೋ ತೆಗೆದಳು. ಈ ಸಲ ಪಟದಲ್ಲಿದ್ದ ಅಜ್ಜ ರುಮಾಲು ಮೀಸೆ ಸಮೇತ ಬೆಳಗಿಕೊಂಡು ಬಂದರು.

ಏಕಾಂತಯ್ಯ ಪರದೆಯನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಹಳೇ ಫ್ಲ್ಯಾಶನ್ನು ನೋಡಿದರು. ಅದರ ಬೆನ್ನಿನ ಮೇಲೆ ಕೆಂಚಯ್ಯ ಮೊಳೆಯಿಂದ ಕೊರೆದ ತನ್ನದೇ ಹೆಸರಿತ್ತು.

"ಹದಿನಾಲ್ಕು ಫೋಟೋದಲ್ಲೂ ಇದೇ ಆಗಿರೋದಾ?"

"ಹದಿನಾಲ್ಕರಲ್ಲೂ."

"ಅಂದ್ರೆ ಅವನು ಇಲ್ಲೇ ಇದ್ದ."

"ಇಲ್ಲೇ ಇದ್ರು. ಬೆಳಕು ಹಿಡಿಯೋರನ್ನ ಯಾರು ನೋಡ್ತಾರೆ ಯಜಮಾನ್ರೇ? ಎಲ್ಲರೂ ಬುದ್ಧಿಯವರ ಕಡೆ ತಿರುಗಿದ್ರಿ."

ಏಕಾಂತಯ್ಯ ಪಡಸಾಲೆ ದಾಟಿ ತಲೆಬಾಗಿಲಿಗೆ ಹೋದರು. ಜಗಲಿಯಲ್ಲಿ ಖಾಲಿ ಮಜ್ಜಿಗೆ ಚೊಂಬಿನ ಪಕ್ಕದಲ್ಲಿ ಕೂತಿದ್ದ ತಮ್ಮಯ್ಯ ಎದ್ದು ನಿಂತ.

"ತಮ್ಮಯ್ಯಾ," ಎಂದರು. "ನನ್ನಿಂದ ತಪ್ಪಾಯ್ತು. ಬುದ್ಧಿಯೋರ ಮುಂದೆ ಆಡಿದ ಮಾತು, ಬುದ್ಧಿಯೋರ ಮುಂದೆಯೇ ಹೋಗಿ ತಪ್ಪಾಯ್ತು ಅಂತೀನಿ. ಒಳಗೆ ಬಾರಪ್ಪ."

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ನೋಡಲಿ ಎಂದೇ ಏಕಾಂತಯ್ಯ ಗಟ್ಟಿಯಾಗಿ ಹೇಳಿದ್ದರು. ತಮ್ಮಯ್ಯ ಚಪ್ಪಲಿ ಬಿಟ್ಟು, ಕಾಲು ತೊಳೆದು, ಹೊಸ್ತಿಲು ದಾಟಿದ. ಯಜಮಾನರ ಕೈಯಿಂದ ಜೊತೆಗಾರನನ್ನು ತೆಗೆದುಕೊಂಡು ಟವಲಿನಲ್ಲಿ ಒಂದು ಸಲ ಒರೆಸಿದ. ಸೋಮವಾರದಿಂದೀಚೆಗೆ ಅದನ್ನು ಮುಟ್ಟಿದ್ದು ಇದೇ ಮೊದಲು. ಯಶೋಧರಾಳ ಕಣ್ಣು ತುಂಬಿ ಬಂತು. ಕೆಂಚಯ್ಯ ಇದ್ದಿದ್ದರೆ ಇವತ್ತು ಊರಿಗೆಲ್ಲ ಕಾಫಿ ಕೊಡಿಸುತ್ತಿದ್ದ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ಒಬ್ಬಟ್ಟು ತಿಂದು ಮನೆಗೆ ಹೋಗಬಹುದಿತ್ತು.

ತಮ್ಮಯ್ಯ ಪಡಸಾಲೆಯಲ್ಲಿ ಕೂರಲಿಲ್ಲ. ಸೀದಾ ತನ್ನ ಕಂಬದ ಬಳಿ ಹೋಗಿ ನಿಂತ. ಅಲ್ಲಿಂದ ನೋಡಿದರೆ ಎದುರಿಗೆ ನೇರವಾಗಿ ದೇವರಮನೆಯ ಬಾಗಿಲು. ಆ ಬಾಗಿಲಿಗೂ ಅವನಿಗೂ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ.

ಯಶೋಧರಾಳಿಗೆ ಆಗ ಹೊಳೆಯಿತು. ಐದು ದಿನ ಎಲ್ಲರೂ ಈ ಮನುಷ್ಯನನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದರು. ಅವನು ಎಲ್ಲಿಗೂ ಹೋಗಿರಲಿಲ್ಲ. ಹಾಗಾದರೆ ಅರ್ಧ ಗಂಟೆ ಇಲ್ಲೇ ನಿಂತಿದ್ದವನು ಏನು ನೋಡಿದ?

"ಮಾವ," ಎಂದಳು. "ಬೆಳಿಗ್ಗೆ ಕೇಳಿದ್ದನ್ನೇ ಮತ್ತೆ ಕೇಳ್ತೀನಿ. ದೇವರಮನೆ ಒಳಗೆ ಯಾರು ಹೋದ್ರು?"

"ನೀನು ಕೇಳ್ದಾಗ ನಾವು ಅರಸೀಕೆರೇಲಿದ್ವಿ ಕಣವ್ವಾ," ಎಂದ ತಮ್ಮಯ್ಯ. "ಮನೆ ಒಳಗೆ ಕಂಡಿದ್ದು ಹೊಸ್ತಿಲು ದಾಟಬಾರದು ಅಂತ ನಿಮ್ಮಪ್ಪ ನನ್ನತ್ರ ಆಣೆ ಮಾಡಿಸ್ಕಂಡಿದ್ರು. ಹೆಣ್ಣಿನ ಕಣ್ಣೀರು, ಬೀಗರ ಜಗಳ, ನಾವು ಕಾಣದ್ದು ಏನೈತೆ? ಹೊರಗೆ ಹೇಳಿದ್ರೆ ನಾಳೆ ಯಾರು ಒಳೀಕೆ ಬಿಡ್ತಾರೆ? ಆವತ್ತು ತುಂಬಿದ ಸಭೆ, ಊರಿನ ಜನ ಎಲ್ಲ ಇದ್ರು. ಅಲ್ಲೂ ಹೇಳಂಗಿರ್ಲಿಲ್ಲ. ಈಗ ಯಜಮಾನ್ರೇ ಒಳೀಕೆ ಕರ್ದವ್ರೆ. ಬರೀ ಮನೆಯೋರವ್ರೆ."

"ಕಳ್ಳ ಅನ್ನಿಸ್ಕೊಂಡೂ ಸುಮ್ನಿದ್ಯಾ?" ಎಂದರು ಏಕಾಂತಯ್ಯ.

"ಕೆಂಚಯ್ಯ ಮೇಷ್ಟ್ರ ಆಣೆ ಸ್ವಾಮಿ."

ಏಕಾಂತಯ್ಯ ತಾವೇ ಹೋಗಿ ತಲೆಬಾಗಿಲು ಮುಚ್ಚಿ ಬಂದರು. ಇಂದ್ರೇಶ ಮತ್ತೆ ಕುರ್ಚಿಯಲ್ಲಿ ಕೂತು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಉಷಾರಾಣಿಯ ಬಳೆಗಳು ಬಾಗಿಲ ಚೌಕಟ್ಟಿಗೆ ತಾಗಿ ಸದ್ದಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಈ ಮನೆಯಲ್ಲಿ ಒಬ್ಬರೋ ಇಬ್ಬರೋ ಎಂದು ಯಶೋಧರಾ ಲೆಕ್ಕ ಹಾಕುತ್ತಿದ್ದಳು.

"ಒಳೀಕೆ ಹೋಗಿದ್ದು ಒಬ್ರೇ," ಎಂದ ತಮ್ಮಯ್ಯ. "ಬರುವಾಗ ಸೊಂಟದ ತಾವ ಕೈ ಮುಚ್ಕಂಡು..."

"ಸಾಕು!"

ಕೂಗಿದ್ದು ಮಹದೇವಮ್ಮ. ಅವರು ಪಡಸಾಲೆಯ ನಡುವಿಗೆ ಬಂದಿದ್ದರು. ಈಗಷ್ಟೇ ನಗುತ್ತಿದ್ದ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅವನ ಬಾಯಲ್ಲಿ ಹೇಳಿಸಬೇಡಿ. ಕರಡಿಗೆ ತಗೊಂಡೋಳು ನಾನೇ."

"ಏನಂದೆ?" ಎಂದರು ಏಕಾಂತಯ್ಯ. ಅವರ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. "ಮಾದೇವೀ, ಏನು ಮಾತು ಇದು?"

"ನಾನೇ ತಗೊಂಡೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಪೊಲೀಸು ಗಿಲೀಸು ಏನೂ ಬೇಡ. ತಮ್ಮಯ್ಯನ್ನ ಕಳಿಸಿಕೊಡಿ. ಅವನ ಮೇಲಿನ ಮಾತು ಹೋಯ್ತಲ್ಲ."

ಅವನಲ್ಲ ಕಣಮ್ಮ, ನಂಗೆ ಗೊತ್ತು. ಬಸ್ಸಿನ ಬಳಿ ಕೇಳಿದ ಆ ಮಾತು ಯಶೋಧರಾಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಒಳ್ಳೆಯ ಮನಸ್ಸು ಎಂದುಕೊಂಡಿದ್ದಳು. ಗೊತ್ತು ಎಂದರೆ ನಿಜವಾಗಿಯೂ ಗೊತ್ತೇ ಇತ್ತು!

ತಮ್ಮಯ್ಯ ಸುಮ್ಮನಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಕಳ್ಳನೆಂಬ ಹೆಸರು ಬೇರೆಯವರೇ ತಲೆಯ ಮೇಲೆ ಹೊತ್ತುಕೊಂಡಿದ್ದರು. ಅವನು ಫ್ಲ್ಯಾಶು ಹೆಗಲಿಗೇರಿಸಿ ಮಧ್ಯಾಹ್ನದ ಬಸ್ಸಿಗೆ ಹೋಗಬಹುದಿತ್ತು. ಆದರೆ ಅವನು ಕಂಬದ ಮರೆಯಿಂದ ಈಚೆಗೆ ಬಂದು ತಲೆಯಾಡಿಸಿದ.

"ಇಲ್ಲ ಅಮ್ಮಾರೇ. ಬುದ್ಧಿಯೋರು ಲಿಂಗ ಕೈಗೆ ತಗಂಡಾಗ ನೀವು ಮುಂದಿನ ಸಾಲಲ್ಲಿ ಕೂತ್ರಿ. ಮಂಗಳಾರತಿ ಆಗೋಗಂಟ ಏಳಲೇ ಇಲ್ಲ. ನಾ ಕಂಡಿದ್ದು ನಿಮ್ಮನ್ನಲ್ಲ."

ಮಹದೇವಮ್ಮ ಅವನ ಎದುರಿಗೆ ನಿಂತು ಎರಡೂ ಕೈ ಜೋಡಿಸಿದರು. ಆ ಮನೆಯ ಯಜಮಾನಿ ಬುದ್ಧಿಯವರನ್ನು ಬಿಟ್ಟು ಬೇರೆ ಯಾರಿಗೂ ಹಾಗೆ ಕೈಮುಗಿದದ್ದನ್ನು ಯಶೋಧರಾ ಕಂಡಿರಲಿಲ್ಲ.

"ತಮ್ಮಯ್ಯಾ, ನಿನ್ನ ಕಾಲು ಬೇಕಾದ್ರೂ ಹಿಡೀತೀನಿ. ಹೇಳಬೇಡ ಕಣಪ್ಪ."

"ಹೇಳೋ!" ಎಂದರು ಏಕಾಂತಯ್ಯ. "ನಾನು ಕೇಳ್ತಿದ್ದೀನಿ, ಹೇಳು!"

ತಮ್ಮಯ್ಯ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಕೆಂಚಯ್ಯನ ಹೆಸರು ಕೊರೆದ ಫ್ಲ್ಯಾಶನ್ನು ಎದೆಗೆ ಹಿಡಿದುಕೊಂಡು, ಕೆಂಚಯ್ಯನ ಮಗಳ ಕಡೆ ತಿರುಗಿದ.

"ಯಶೋದಮ್ಮಾ, ಈಗ ಮೇಷ್ಟ್ರ ಜಾಗದಲ್ಲಿ ಇರೋಳು ನೀನು," ಎಂದ. "ಹೇಳ್ಲಾ, ಬ್ಯಾಡ್ವಾ?"

ಅವಳ ಹಿಂದೆ ಅಡುಗೆಮನೆಯ ಹಿತ್ತಿಲ ಬಾಗಿಲು ತೆರೆದ ಸದ್ದಾಯಿತು. ಯಶೋಧರಾ ತಿರುಗಿ ನೋಡಿದಳು. ಉಷಾರಾಣಿ ನಿಂತಿದ್ದ ಚೌಕಟ್ಟು ಖಾಲಿಯಿತ್ತು. ಇಂದ್ರೇಶನ ಕುರ್ಚಿಯೂ ಖಾಲಿಯಿತ್ತು.